ಹೋಸಿಯಾನ ಅರವತ್ತು ಮೀನು

ಹಾರ್ಮನ್ಸ್ ಬೆಂಡ್, ಮಿಸಿಸಿಪಿ
ಫೆಬ್ರವರಿ 9, 1987

ಬ್ರದರ್ ಲೆಮ್ ಅವರಿಗೆ,

ಹೋಸಿಯಾನನ್ನು ಮಣ್ಣು ಮಾಡಿದ ಮರುವಾರವೇ ನೀವು ಮಗಳ ಮನೆಗೆಂದು ಮಿಲ್ವಾಕಿಯ ಬಸ್ಸು ಹತ್ತಿದಿರಿ. ನಾಲ್ಕು ತಿಂಗಳಾಯಿತು. ಒಂದು ಕ್ರಿಸ್ಮಸ್ ಕಾರ್ಡು ಬಂತು, ಅದರಲ್ಲೂ ನಿಮ್ಮ ಮಗಳದೇ ಅಕ್ಷರ. ಇರಲಿ. ಜಗಳಕ್ಕೆಂದು ಬರೆಯುತ್ತಿಲ್ಲ, ನಿಮ್ಮಿಂದ ಒಂದು ಕೆಲಸ ಆಗಬೇಕಿದೆ.

ಕಳೆದ ಬುಧವಾರ ಚರ್ಚಿನ ಸಭೆಯಲ್ಲಿ ಏಪ್ರಿಲ್ ಕೊನೆಯ ಭಾನುವಾರದ ಊಟದ ಮಾತು ಬಂತು. ಊರು ಬಿಟ್ಟವರೆಲ್ಲ ಬರುವ ದಿನ. ಇಪ್ಪತ್ತೊಂದು ವರ್ಷ ಆ ಊಟಕ್ಕೆ ಕ್ರಾಪಿ ಮೀನು ತಂದವನು ನನ್ನ ಗಂಡ. ಶುಕ್ರವಾರ ಮೂವತ್ತು, ಶನಿವಾರ ಮೂವತ್ತು, ಸರ್ಕಾರ ಹಿಡಿಯಲು ಬಿಟ್ಟಷ್ಟು. ಒಂದು ವರ್ಷವೂ ತಪ್ಪಿದ್ದಿಲ್ಲ. ಹಿರಿಯ ಪರ್ವಿಸ್ ಎದ್ದು ನಿಂತು, "ಹೋಸಿಯಾ ಹೋದ್ಮೇಲೆ ಇನ್ನೇನ್ ಕ್ರಾಪಿ. ಪಟ್ಟಣದಿಂದ ಐಸ್ ಹಾಕಿದ ಕ್ಯಾಟ್‌ಫಿಶ್ ಪೆಟ್ಟಿಗೆ ತರಿಸ್ಬಿಡೋಣ. ಎಣ್ಣೆಗೆ ಬಿದ್ಮೇಲೆ ಎಲ್ಲಾ ಒಂದೇ" ಎಂದರು.

ನನಗೆ ಮೈಯೆಲ್ಲ ಉರಿಯಿತು. "ಅರವತ್ತು ಕ್ರಾಪಿ ಬರ್ತವೆ. ನಾನ್ ತರ್ತೀನಿ" ಎಂದೆ. ಪರ್ವಿಸ್ ಹಲ್ಲು ಕಿರಿದು, "ಸಿಸ್ಟರ್ ಆಯೋಲಾ, ನೀವ್ ಬಾಣಲೆ ಹತ್ರ ನಿಂತ್ಕೊಳ್ಳಿ, ಅಷ್ಟೇ ಸಾಕು ನಮ್ಗೆ" ಎಂದರು. ಸಭೆಯಲ್ಲಿ ನಗದವರು ಯಾರೂ ಇರಲಿಲ್ಲ.

ನಾನು ಗಾಳ ಹಿಡಿದವಳಲ್ಲ. ಮೀನು ಹೆಚ್ಚಿದ್ದೇನೆ, ಹುರಿದಿದ್ದೇನೆ, ಅಷ್ಟೇ. ಆದರೆ ಈ ವರ್ಷ ಮೀನು ನಿಂತರೆ ಮುಂದಿನ ವರ್ಷ ಅವನ ಹೆಸರೂ ನಿಲ್ಲುತ್ತದೆ. ಅದನ್ನು ನಾನು ನೋಡಲಾರೆ. ನೀವಿಬ್ಬರೂ ಹಿನ್ನೀರಿನ ತಳದಲ್ಲಿ ಮೀನು ಬಂದು ಸೇರಲೆಂದು ಗೂಟ ನೆಟ್ಟಿದ್ದೀರಲ್ಲ, ಆ ಜಾಗ ಎಲ್ಲಿ ಎಂದು ಹೇಳಿ. ಗಾಳ ಹಿಡಿಯುವುದನ್ನೂ ಕಲಿಸಿ. ಹೋಸಿಯಾನ ಕೋಲು ಗ್ಯಾರೇಜಿನಲ್ಲಿ ಸಿಕ್ಕಿತು. ದಾರ ಹಳದಿಯಾಗಿದೆ, ಬೆರಳು ತಾಕಿದರೆ ತುಂಡಾಗುತ್ತದೆ.

ನಿಮ್ಮ
ಆಯೋಲಾ ಕ್ರೆನ್‌ಶಾ


ಮಿಲ್ವಾಕಿ
ಫೆಬ್ರವರಿ 18, 1987

ಸಿಸ್ಟರ್ ಆಯೋಲಾ ಅವರಿಗೆ,

ನಿಮ್ಮ ಕಾಗದ ಎರಡು ಸಲ ಓದಿದೆ. ಇಲ್ಲಿ ಕೆರೆಯ ಮೇಲೆ ಕಾರು ಓಡಿಸುತ್ತಾರೆ, ಅಷ್ಟು ಗಟ್ಟಿ ಮಂಜುಗಡ್ಡೆ. ಮಂಜಿನಲ್ಲಿ ತೂತು ಕೊರೆದು ಬಕೆಟ್ ಮೇಲೆ ಕೂತು ಗಾಳ ಬಿಡುವ ಜನ ಇವರು. ಇವರ ಮಧ್ಯೆ ನಾನೊಬ್ಬ.

ಪರ್ವಿಸ್ ಮಾತನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮಾರ್ಚಿನ ಗಾಳಿ ಕೆಟ್ಟದ್ದು, ದೋಣಿ ಒಬ್ಬರ ಕೈಗೆ ಬಗ್ಗುವುದಿಲ್ಲ. ಮೀನು ನಿಂತರೆ ಹೋಸಿಯಾನ ಹೆಸರೇನೂ ಅಳಿಸಿಹೋಗುವುದಿಲ್ಲ. ಬಿಟ್ಟುಬಿಡಿ ಎಂದರೆ ನೀವು ಕೇಳುವವರಲ್ಲ ಎಂದೂ ಗೊತ್ತು. ಆದ್ದರಿಂದ ಕಲಿಸುತ್ತೇನೆ.

ಆ ಹಳೆಯ ದಾರ ಬಿಸಾಡಿ. ದಾರ ಬೇಗ ಹಾಳಾಗುತ್ತದೆ. ಅಂಗಡಿಯಲ್ಲಿ ನಾಲ್ಕು ಪೌಂಡ್ ತಡೆಯುವ ದಾರ ಕೇಳಿ, ಕೂದಲೆಳೆಯಷ್ಟು ಸಣ್ಣದು. ಅಂಗಡಿಯವನು ದಪ್ಪದ್ದು ಕೊಡಲು ನೋಡುತ್ತಾನೆ, ತೆಗೆದುಕೊಳ್ಳಬೇಡಿ. ಕೋಲು ಹಗುರವಾಗಿರಬೇಕು, ತುದಿ ಹುಲ್ಲಿನ ಎಸಳಿನಂತೆ ಬಾಗಬೇಕು. ಬೆಂಕಿಪೊಟ್ಟಣದಲ್ಲಿ ಹನ್ನೆರಡು ಕೊಕ್ಕೆ ಕಳಿಸಿದ್ದೇನೆ. ತಲೆಗೆ ಸೀಸದ ಸಣ್ಣ ಗುಂಡು, ಬಾಲಕ್ಕೆ ಕೋಳಿಪುಕ್ಕ, ನಾನೇ ಕಟ್ಟಿದ್ದು.

ಎರಡು ಮಾತು ನೆನಪಿಡಿ. ಕ್ರಾಪಿ ಮೇಲೆ ನೋಡುತ್ತಾ ನಿಲ್ಲುವ ಮೀನು. ಕೊಕ್ಕೆ ಅದರ ತಲೆಗಿಂತ ಒಂದು ಗೇಣು ಮೇಲೆ ಇರಬೇಕು, ಕೆಳಗೆ ಬಿಟ್ಟರೆ ಅದು ತಿರುಗಿಯೂ ನೋಡುವುದಿಲ್ಲ. ಇನ್ನೊಂದು, ಅದರ ಬಾಯಿ ಕಾಗದ. ಕಚ್ಚಿದಾಗ ಜಗ್ಗಿದರೆ ಬಾಯಿ ಹರಿಯುತ್ತದೆ, ಮೀನು ಹೋಗುತ್ತದೆ. ಮಣಿಕಟ್ಟು ಮೆಲ್ಲಗೆ ಎತ್ತಿದರೆ ಸಾಕು. ಮಲಗಿದ ಮಗುವಿನ ಮೇಲಿನ ಹೊದಿಕೆ ಎತ್ತುವ ಹಾಗೆ.

ಜಾಗ: ಮುಳುಗಿದ ಸೇತುವೆಯ ಆಚೆ, ಗಿರಣಿ ಕೊಲ್ಲಿಯಲ್ಲಿ. ನೀರಿನ ಟ್ಯಾಂಕು ದೊಡ್ಡ ಪೆಕನ್ ಮರದ ಹಿಂದೆ ಅಡಗುವವರೆಗೆ ಹೋಗಿ ಲಂಗರು ಹಾಕಿ. ಯಾರಿಗೂ ಹೇಳಬೇಡಿ. ಈ ಜಾಗದ ಬಗ್ಗೆ ಯಾರಿಗೂ ಬಾಯಿಬಿಡುವುದಿಲ್ಲ ಎಂದು ನಾನೂ ಹೋಸಿಯಾನೂ ಬೈಬಲ್ ಮುಟ್ಟಿದ್ದೆವು.

ನಿಮ್ಮ
ಲೆಮ್ಯುಯೆಲ್ ಗ್ಯಾಡಿಸ್


ಹಾರ್ಮನ್ಸ್ ಬೆಂಡ್
ಮಾರ್ಚ್ 23, 1987

ಬ್ರದರ್ ಲೆಮ್ ಅವರಿಗೆ,

ಅಂಗಡಿಯವನು ದಪ್ಪ ದಾರವನ್ನೇ ಮುಂದಿಟ್ಟ. "ಇದ್ ತಗೊಳ್ಳಮ್ಮ, ನಿಮ್ಗೆ ಆ ಸಣ್ಣದ್ ಆಗಲ್ಲ" ಎಂದ. "ನನ್ಗೇನ್ ಆಗುತ್ತೆ ಆಗಲ್ಲ ಅನ್ನೋದು ಈ ಊರ್‌ನಲ್ಲಿ ಎಲ್ರಿಗೂ ಗೊತ್ತಲ್ಲಪ್ಪ" ಎಂದು ಸಣ್ಣದ್ದನ್ನೇ ತಂದೆ.

ಹಿತ್ತಿಲಲ್ಲಿ ಬಕೆಟ್ ಇಟ್ಟು ಹದಿನೈದು ದಿನ ಅಭ್ಯಾಸ ಮಾಡಿದೆ. ಈಗ ಇಪ್ಪತ್ತು ಹೆಜ್ಜೆಯಿಂದ ಬಕೆಟಿಗೆ ಕೊಕ್ಕೆ ಬೀಳಿಸುತ್ತೇನೆ. ಪಕ್ಕದ ಮನೆ ವಿಲ್ಮಾ ಬೇಲಿ ಮೇಲೆ ಗದ್ದವಿಟ್ಟು ನೋಡುತ್ತಾಳೆ. "ಏನಾದ್ರೂ ಕಚ್ತಾ ಬಕೆಟ್‌ನಲ್ಲಿ?" ಎಂದು ದಿನಕ್ಕೊಮ್ಮೆ ಕೇಳದಿದ್ದರೆ ಅವಳಿಗೆ ಉಂಡದ್ದು ಕರಗುವುದಿಲ್ಲ.

ನೀವು ಹೇಳಿದ ಜಾಗಕ್ಕೆ ಎಂಟು ಬೆಳಿಗ್ಗೆ ಹೋದೆ. ಟ್ಯಾಂಕು ಪೆಕನ್ ಮರದ ಹಿಂದೆ ಸರಿಯಾಗಿ ಅಡಗುತ್ತದೆ, ಲಂಗರು ಹಾಕುತ್ತೇನೆ, ಕೂರುತ್ತೇನೆ. ಎಂಟು ಬೆಳಿಗ್ಗೆಗೆ ಒಂದು ಮೀನು. ಅದೂ ದಾರಿ ತಪ್ಪಿ ಬಂದದ್ದು ಎಂದು ಕಾಣುತ್ತದೆ. ಕೊಕ್ಕೆ ಗೂಟಕ್ಕೆ ಸಿಕ್ಕಿಕೊಳ್ಳಬಹುದು ಎಂದು ಹೆದರಿದ್ದೆ. ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. ನನ್ನ ಕೈಯ ದೋಷವೇ ಇರಬೇಕು, ಬಹಳ ಮೇಲೆ ಹಿಡಿಯುತ್ತಿದ್ದೇನೋ ಏನೋ. ಒಂದು ದಿನ ಸ್ವಲ್ಪ ಬಟ್ಟೆ ಒದ್ದೆಯಾಗಿ ನೆಗಡಿ ಬಂತು, ಈಗ ವಾಸಿ.

ಡಾಗ್‌ವುಡ್ ಮರ ಮೊಗ್ಗು ಬಿಟ್ಟಿದೆ. ಹೂ ಅರಳಿದಾಗ ಮೀನು ಮೊಟ್ಟೆಯಿಡಲು ಮೇಲೆ ಬರುತ್ತದೆ ಎಂದು ಹೋಸಿಯಾ ಹೇಳುತ್ತಿದ್ದ. ಇನ್ನು ಒಂದು ತಿಂಗಳಿದೆ. ನನ್ನ ತಪ್ಪೇನೆಂದು ಬೇಗ ಬರೆಯಿರಿ.

ಆಯೋಲಾ


ಮಿಲ್ವಾಕಿ
ಏಪ್ರಿಲ್ 1, 1987

ಸಿಸ್ಟರ್ ಆಯೋಲಾ ಅವರಿಗೆ,

ನಿಮ್ಮ ತಪ್ಪೇನೂ ಇಲ್ಲ. ನೀರು ಇನ್ನೂ ತಣ್ಣಗಿದೆ, ಅಷ್ಟೇ. ಎಂಟು ಸಲ ಹೋದಿರಾ? ಒಂದೆರಡು ಸಲ ಹೋಗಿ ಸುಸ್ತಾಗಿ ಬಿಡುತ್ತೀರಿ ಎಂದುಕೊಂಡಿದ್ದೆ.

ನೆಗಡಿಗೆ ಕಾಲುಚೀಲ ಒದ್ದೆಯಾಗದಂತೆ ನೋಡಿಕೊಳ್ಳಿ. ಇಷ್ಟು ಮಾಡಿದ್ದೇ ದೊಡ್ಡದು. ಹೋಸಿಯಾ ಇದ್ದಿದ್ದರೂ ಇಷ್ಟಕ್ಕೇ ಖುಷಿಪಡುತ್ತಿದ್ದ. ಈ ವರ್ಷಕ್ಕೆ ಕ್ಯಾಟ್‌ಫಿಶ್ ಆದರೆ ಆಗಲಿ, ಏನು ಮುಳುಗಿಹೋಗುತ್ತದೆ.

ಲೆಮ್


ಹಾರ್ಮನ್ಸ್ ಬೆಂಡ್
ಏಪ್ರಿಲ್ 28, 1987

ಬ್ರದರ್ ಲೆಮ್,

ಭಾನುವಾರ ಮುಗಿಯಿತು. ಶುಕ್ರವಾರ ನಾಲ್ಕು, ಶನಿವಾರ ಐದು. ಒಟ್ಟು ಒಂಬತ್ತು ಮೀನು. ಅರವತ್ತು ಹುರಿಯುವ ಬಾಣಲೆಯಲ್ಲಿ ಒಂಬತ್ತು ಬಿಟ್ಟರೆ ಹೇಗಿರುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಪರ್ವಿಸ್ ಲಾರಿಯ ಹಿಂದೆ ಮೂರು ಪೆಟ್ಟಿಗೆ ಕ್ಯಾಟ್‌ಫಿಶ್ ಮೊದಲೇ ತಂದಿಟ್ಟಿದ್ದರು. ನನ್ನನ್ನು ಹಂಗಿಸಲಿಲ್ಲ. ಹಂಗಿಸಿದ್ದರೆ ಚೆನ್ನಾಗಿತ್ತು. "ಪರವಾಗಿಲ್ಲ ಸಿಸ್ಟರ್, ಮಕ್ಳಿಗೆ ಆಯ್ತಲ್ಲ" ಎಂದು ನನ್ನ ಒಂಬತ್ತನ್ನು ಮಕ್ಕಳ ತಟ್ಟೆಗೆ ಹಾಕಿಸಿದರು. ಪ್ರಾರ್ಥನೆಯಲ್ಲಿ ಪಾದ್ರಿಗಳು ಹೋಸಿಯಾನ ಹೆಸರು ಹೇಳಲಿಲ್ಲ. ಮರೆತಿರಬೇಕು. ನಾನು ಅಡುಗೆಮನೆಗೆ ಹೋಗಿ ಕೋಸು ಹೆಚ್ಚುತ್ತಾ ಅತ್ತೆ.

ಆಯೋಲಾ


ಹಾರ್ಮನ್ಸ್ ಬೆಂಡ್
ಡಿಸೆಂಬರ್ 6, 1987

ಗ್ಯಾಡಿಸ್ ಅವರಿಗೆ,

ಏಪ್ರಿಲಿನ ನನ್ನ ಕಾಗದಕ್ಕೆ ನೀವು ಉತ್ತರ ಬರೆಯಲಿಲ್ಲ. ಏಳು ತಿಂಗಳು. ಯಾಕೆಂದು ನನಗೆ ಈಗ ತಿಳಿಯಿತು.

ಅಣೆಕಟ್ಟಿನವರು ಪ್ರತಿವರ್ಷದಂತೆ ನೀರು ಬಿಟ್ಟು ಹಿನ್ನೀರನ್ನು ಇಳಿಸಿದ್ದಾರೆ. ಮೈಲಿಗಟ್ಟಲೆ ಕೆಸರು ಬಿಸಿಲಿಗೆ ಒಣಗಿದೆ. ಕಳೆದ ತಿಂಗಳ ಒಂದು ಶನಿವಾರ ಹೋಸಿಯಾನ ಬೂಟು ಹಾಕಿಕೊಂಡು ತಳದ ಮೇಲೆ ನಡೆದುಕೊಂಡೇ ಹೋದೆ. ನೀರಿನ ಟ್ಯಾಂಕು ಪೆಕನ್ ಮರದ ಹಿಂದೆ ಅಡಗುವವರೆಗೆ ನಡೆದು, ನಾನು ಆ ಮಾರ್ಚ್ ಪೂರ್ತಿ ಲಂಗರು ಹಾಕಿ ಕೂತ ಜಾಗದಲ್ಲಿ ನಿಂತೆ. ಅಲ್ಲಿ ಒಂದು ಗೂಟವಿಲ್ಲ. ಒಂದು ಕೊಂಬೆಯಿಲ್ಲ. ಬೋಳು ನೆಲ, ಒಂದು ಹಳೆಯ ಟೈರು.

ಆಗ ಸುಮ್ಮನೆ ಮನೆಗೆ ಬರಬಹುದಿತ್ತು. ಬರಲಿಲ್ಲ. ಆಮೇಲೆ ಮೂರು ಶನಿವಾರ ಕೊಲ್ಲಿ ಕೊಲ್ಲಿ ಹುಡುಕಿದೆ. ನಿನ್ನೆ ಪೂರ್ವದ ದಿಣ್ಣೆಯ ಕೆಳಗೆ ಸಿಕ್ಕಿತು. ಗೂಟಗಳ ಎರಡು ಗುಂಪು, ಅಕ್ಕಪಕ್ಕ. ಒಂದು ವೃತ್ತಾಕಾರ, ಹಿತ್ತಿಲಲ್ಲಿ ಅವರೆ ಬಳ್ಳಿಗೆ ಹೋಸಿಯಾ ಗೂಟ ನೆಡುತ್ತಿದ್ದ ಹಾಗೆಯೇ. ಅದು ಪೂರ್ತಿ ಕೊಳೆತು ಮೋಟುಗಳಷ್ಟೇ ಉಳಿದಿವೆ, ಎಷ್ಟೋ ವರ್ಷದಿಂದ ಯಾರೂ ಮುಟ್ಟಿಲ್ಲ. ಇನ್ನೊಂದು ಜೋಡಿ ಸಾಲು, ನೇರ, ಗಟ್ಟಿ ಗೂಟ. ಮೂವತ್ತು ವರ್ಷ ರೈಲು ಹಳಿ ಹಾಕಿದವರು ನೀವು, ಆ ಸಾಲು ಯಾರದೆಂದು ನನಗೆ ಬೇರೆ ಹೇಳಬೇಕೇ.

ಕಲಿಸಿದ್ದೆಲ್ಲ ನಿಜ, ಜಾಗ ಮಾತ್ರ ಸುಳ್ಳು. ಇನ್ನೊಂದು ಸಂಗತಿ ಆಗ ಬರೆದಿರಲಿಲ್ಲ, ಈಗ ಬರೆಯುತ್ತೇನೆ. ಮಾರ್ಚಿನಲ್ಲಿ ಬಟ್ಟೆ ಒದ್ದೆಯಾದದ್ದು ಸ್ವಲ್ಪವಲ್ಲ. ನೀವು ಕಳಿಸಿದ ಆ ಬೋಳು ಜಾಗದಲ್ಲಿ ಲಂಗರಿನ ಹಗ್ಗ ಕಾಲಿಗೆ ಸುತ್ತಿ ನೀರಿಗೆ ಬಿದ್ದೆ. ನನಗೆ ಈಜು ಬರುವುದಿಲ್ಲ. ಕಾಲಿಗೆ ನೆಲ ಸಿಗಲಿಲ್ಲ. ದೋಣಿಯ ಅಂಚು ಹಿಡಿದು ಅರ್ಧ ಗಂಟೆ ನೇತಾಡಿದೆ, ಕೈ ಮರಗಟ್ಟಿತು. ಯಾರೋ ಒಬ್ಬ ಬಿಳಿ ಗಡ್ಡದ ಮುದುಕ ದೋಣಿ ತಂದು ಎಳೆದುಕೊಂಡ. "ಏನಮ್ಮಾ, ಇಲ್ ಯಾರಾದ್ರೂ ಗಾಳ ಹಾಕ್ತಾರಾ? ಇಲ್ಲಿ ಕಪ್ಪೆನೂ ಸಿಗಲ್ಲ" ಎಂದ. ನಾನು ಹಲ್ಲು ಕಟಕಟಿಸುತ್ತಾ, "ನಿಮ್ಗೇನ್ ಗೊತ್ತು, ನಮ್ ಲೆಮ್ ಹೇಳಿದ್ ಜಾಗ ಇದು" ಎಂದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಂಗಡಿಯವನು, ಪರ್ವಿಸ್, ವಿಲ್ಮಾ, ಯಾರ ನಗುವೂ ನನಗೆ ತಾಗಿರಲಿಲ್ಲ. ನೀವು ಟೋಪಿ ಹಾಕಿದ್ದು ತಾಗಿತು. ಯಾಕೆ ಎಂಬುದೊಂದನ್ನೇ ಬರೆಯಿರಿ. ಇನ್ನೇನೂ ಬೇಡ.

ಆಯೋಲಾ ಕ್ರೆನ್‌ಶಾ


ಮಿಲ್ವಾಕಿ
ಡಿಸೆಂಬರ್ 14, 1987

ಸಿಸ್ಟರ್ ಆಯೋಲಾ ಅವರಿಗೆ,

ನೀವು ನೀರಿಗೆ ಬಿದ್ದದ್ದು ಓದಿ ಎರಡು ದಿನ ಅನ್ನ ಸೇರಲಿಲ್ಲ. ಮಗಳು, "ಅಪ್ಪಾ, ಏನಾಯ್ತು" ಎಂದು ಕೇಳಿದಳು. ಕ್ಷಮಿಸಿ ಎನ್ನುವ ಯೋಗ್ಯತೆಯೂ ನನಗಿಲ್ಲ. ನಾನು ಬೋಳು ಜಾಗ ಹೇಳಿದ್ದು ನೀವು ಎರಡು ಸಲ ಹೋಗಿ ಬೇಸತ್ತು ಬಿಡಲಿ ಎಂದು. ಮೂವತ್ತು ವರ್ಷದಿಂದ ನೋಡಿದ ನಿಮ್ಮನ್ನು ಇಷ್ಟು ತಪ್ಪಾಗಿ ಅಳೆದೆ.

ಯಾಕೆ ಎಂದು ಕೇಳಿದಿರಿ. ಹೋಸಿಯಾನ ಕೈ ನಡುಗತೊಡಗಿದ್ದು 1981ರ ವಸಂತದಲ್ಲಿ. ಮೊದಲ ದಿನ ದೋಣಿಯಲ್ಲಿ ಕೊಕ್ಕೆಗೆ ದಾರ ಪೋಣಿಸಲು ಹೊರಟ. ಆಗಲಿಲ್ಲ. ಅರ್ಧ ಗಂಟೆ ಪ್ರಯತ್ನಿಸಿದ. ನಾನು ಪೋಣಿಸಿ ಕೊಟ್ಟೆ. ಮೀನು ಕಚ್ಚಿದರೆ ಅವನ ಕೈ ತಾನಾಗಿ ಜಗ್ಗುತ್ತಿತ್ತು, ಬಾಯಿ ಹರಿದು ಹೋಗುತ್ತಿತ್ತು. ಒಂದರ ಮೇಲೊಂದು ಹದಿನಾಲ್ಕು ಮೀನು ಹಾಗೆ ಹೋದವು. ಹದಿನೈದನೆಯದಕ್ಕೆ ಕೋಲನ್ನು ದೋಣಿಯಲ್ಲಿ ಮಲಗಿಸಿದ. ಮತ್ತೆ ಅದನ್ನು ಮುಟ್ಟಲಿಲ್ಲ. ಆ ದಾರ ಹಳದಿಯಾದದ್ದು ಹಾಗೆ.

"ಲೆಮ್, ಆಯೋಲಾಗೆ ಹೇಳ್ಬೇಡ ಕಣೋ. ಅವ್ಳು ಭಾನುವಾರ ನನ್ ಕಡೆ ನೋಡೋ ನೋಟ ಒಂದೇ ನನ್ಗೆ ಉಳಿದಿರೋದು" ಎಂದ. ಅವನ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ. ಆರು ವಸಂತ ಅವನು ದೋಣಿಯಲ್ಲಿ ಕೂತು ಹಾಡುತ್ತಿದ್ದ, ಮೀನು ನಾನು ಹಿಡಿಯುತ್ತಿದ್ದೆ. ಅವನ ಗೂಟಗಳು ಕೊಳೆತವು, ನನ್ನವು ಉಳಿದವು. ನೀವು ನಿಜವಾದ ಜಾಗಕ್ಕೆ ಹೋದರೆ ಒಂದು ದಿನ ನೀರಿಳಿದಾಗ ಅದನ್ನೆಲ್ಲ ಕಾಣುತ್ತೀರಿ ಎಂದು ಹೆದರಿದೆ. ಕೊನೆಗೆ ಅದೇ ಆಯಿತು.

ಆ ಜೋಡಿ ಸಾಲು ಇನ್ನು ನಿಮ್ಮದು. ಗೂಟ ಇನ್ನೂ ಐದು ವರ್ಷ ಬಾಳುತ್ತವೆ. ಏಪ್ರಿಲಿನಲ್ಲಿ ಅದರ ಮೇಲೆ ಲಂಗರು ಹಾಕಿ, ಅರವತ್ತು ಕಣ್ಣುಮುಚ್ಚಿ ಸಿಗುತ್ತವೆ.

ಲೆಮ್ಯುಯೆಲ್


ಹಾರ್ಮನ್ಸ್ ಬೆಂಡ್
ಜನವರಿ 3, 1988

ಬ್ರದರ್ ಲೆಮ್,

ನಿಮ್ಮ ಕಾಗದವನ್ನು ಕ್ರಿಸ್ಮಸ್ ಮುಗಿಯುವವರೆಗೆ ಡಬ್ಬಿಯಲ್ಲಿಟ್ಟಿದ್ದೆ, ಹಬ್ಬ ಕೆಡಬಾರದೆಂದು. ಆಮೇಲೆ ಓದಿದೆ.

ಕೊನೆಯ ಎರಡು ವರ್ಷ ಅವನ ಅಂಗಿಯ ಗುಂಡಿ ಹಾಕುತ್ತಿದ್ದವಳು ನಾನು. ಕಾಫಿ ಲೋಟ ಅರ್ಧ ಮಾತ್ರ ತುಂಬಿಸುತ್ತಿದ್ದೆ, ಚೆಲ್ಲದಿರಲೆಂದು. ಲೋಟ ಹಿಡಿಯಲಾರದವನು ಗಾಳ ಹೇಗೆ ಹಿಡಿದ ಎಂದು ಒಮ್ಮೆಯೂ ಕೇಳಲಿಲ್ಲ. ಮರೆತು ಕೇಳದೆ ಇದ್ದದ್ದಲ್ಲ. ಕೇಳಿದರೆ ಉತ್ತರ ಬರುತ್ತಿತ್ತಲ್ಲ, ಅದಕ್ಕೆ. ಆದ್ದರಿಂದ ಪೂರ್ತಿ ನಿಮ್ಮ ಮೇಲೆ ಕೋಪ ಮಾಡಿಕೊಳ್ಳಲು ನನಗೂ ಬಾಯಿಲ್ಲ. ಬೋಳು ಜಾಗಕ್ಕೆ ಕಳಿಸಿದ ಕೋಪ ಮಾತ್ರ ಬೇರೆ. ಅದು ಹಾಗೇ ಇದೆ.

ನಿಮ್ಮ ಸಾಲು ನನಗೆ ಬೇಡ. ಹೋಸಿಯಾ ನಿಮ್ಮ ಮೀನು ತಂದ. ಇನ್ನು ನಾನೂ ನಿಮ್ಮ ಮೀನು ತಂದು ಅವನದೆಂದು ಹೇಳಲೇ? ಅವನಿಗೆ ಕೈ ನಡುಗುತ್ತಿತ್ತು, ನನಗೇನು ಬಂದಿದೆ. ನನ್ನ ಗೂಟ ನಾನೇ ನೆಡುತ್ತೇನೆ.

ಫೆಬ್ರವರಿ ನಡುವಿಗೆ ಅಣೆಕಟ್ಟಿನ ಬಾಗಿಲು ಹಾಕುತ್ತಾರೆ, ನೀರು ಏರತೊಡಗುತ್ತದೆ. ನನಗಿರುವುದು ಆರು ವಾರ. ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯಿರಿ. ಯಾವ ಮರ? ಎಷ್ಟು ಎತ್ತರ? ಒಂದಕ್ಕೊಂದು ಎಷ್ಟು ದೂರ? ಎಂಥ ನೆಲದಲ್ಲಿ?

ಆಯೋಲಾ


ಮಿಲ್ವಾಕಿ
ಜನವರಿ 9, 1988

ಸಿಸ್ಟರ್ ಆಯೋಲಾ ಅವರಿಗೆ,

ಮರ: ಓಕ್, ಹಸಿಯದು. ಮರ ಕೊಯ್ಯುವ ಮಿಲ್ಲಿನಲ್ಲಿ ಎರಡು ಬೆರಳಗಲದ ಪಟ್ಟಿಗಳನ್ನು ಬಿಸಾಡುತ್ತಾರೆ, ಅವೇ ಸಾಕು. ಪೈನ್ ಬೇಡ, ಎರಡೇ ವರ್ಷಕ್ಕೆ ಮೆತ್ತಗಾಗುತ್ತದೆ.

ಎತ್ತರ: ನಿಮ್ಮ ಎದೆಯವರೆಗೆ. ಒಂದು ಮೊಳ ನೆಲದೊಳಗೆ ಹೋಗಬೇಕು.

ದೂರ: ಒಂದು ಗೇಣು. ಅದಕ್ಕಿಂತ ಹತ್ತಿರವಾದರೆ ದೊಡ್ಡ ಮೀನು ಒಳಗೆ ನುಗ್ಗುವುದಿಲ್ಲ.

ನೆಲ: ಕಾಲಿಟ್ಟರೆ ಹೂತುಹೋಗುವ ಕೆಸರು ಬೇಡ. ಹಳೆಯ ತೊರೆ ಹರಿಯುತ್ತಿದ್ದ ಹಳ್ಳದ ಅಂಚು ಹುಡುಕಿ. ಗಟ್ಟಿ ಜೇಡಿ, ಮೇಲೆ ಸ್ವಲ್ಪ ಮರಳು. ಮೀನು ಆಳದಿಂದ ಹಳ್ಳ ಹಿಡಿದೇ ದಡಕ್ಕೆ ಬರುತ್ತದೆ, ಮನೆಗೆ ಬರುವವರು ರಸ್ತೆ ಹಿಡಿದು ಬರುವಂತೆ.

ನೀವು ಕೇಳದ ಒಂದು ಮಾತು: ತೇಲುವ ಅಂಗಿ ಟಪಾಲಿನಲ್ಲಿ ಕಳಿಸಿದ್ದೇನೆ. ಅದನ್ನು ಹಾಕದೆ ದೋಣಿ ಹತ್ತಬೇಡಿ. ಇದಕ್ಕೂ ಸಿಟ್ಟು ಬಂದರೆ ಬರಲಿ.

ಲೆಮ್


ಹಾರ್ಮನ್ಸ್ ಬೆಂಡ್
ಫೆಬ್ರವರಿ 15, 1988

ಬ್ರದರ್ ಲೆಮ್,

ಇನ್ನೂರ ಹತ್ತು ಗೂಟ. ಕೊನೆಯದನ್ನು ನಿನ್ನೆ ಹೊಡೆದೆ. ಸುತ್ತಿಗೆ ಹಿಡಿದು ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಮತ್ತೆ ಎದ್ದಿವೆ. ಚರ್ಚಿನಲ್ಲಿ ಚಪ್ಪಾಳೆ ತಟ್ಟಲೂ ಆಗುವುದಿಲ್ಲ. ಪಟ್ಟಿ ಹೊತ್ತು ನಡೆಯುವುದೇ ದೊಡ್ಡ ಕಷ್ಟ, ಒಂದು ಸಲಕ್ಕೆ ಎಂಟಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ವಿಲ್ಮಾ ಬೇಲಿಯಾಚೆಯಿಂದ, "ಹಿತ್ಲಿಗೆ ಇಷ್ಟೊಂದ್ ಗೂಟ ಯಾಕೆ, ಅವರೆ ಹಾಕ್ತೀಯಾ?" ಎಂದು ಕೇಳಿದಳು. ಹೌದು, ಈ ವರ್ಷ ಬಹಳ ಅವರೆ ಹಾಕುತ್ತೇನೆ ಎಂದೆ. ಸುಳ್ಳು ಹೇಳುವುದು ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ. ನಿಮ್ಮನ್ನು ಸ್ವಲ್ಪ ಕ್ಷಮಿಸಿದೆ.

ವೃತ್ತವೂ ಅಲ್ಲ, ಸಾಲೂ ಅಲ್ಲ. ನೆಲ ಎಲ್ಲಿ ಗಟ್ಟಿಯಿತ್ತೋ ಅಲ್ಲಿ ನೆಟ್ಟಿದ್ದೇನೆ, ನೋಡಲು ಅಂದವಿಲ್ಲ. ಎಲ್ಲಿ ಎಂದು ಕೇಳಬೇಡಿ, ಹೇಳುವುದಿಲ್ಲ. ಇವತ್ತು ಬೆಳಿಗ್ಗೆ ಅಣೆಕಟ್ಟಿನ ಬಾಗಿಲು ಹಾಕಿದರು.

ಅಂಗಿ ಬಂತು. ಕಿತ್ತಳೆ ಬಣ್ಣ, ಕುಂಬಳಕಾಯಿಯಂತೆ ಕಾಣುತ್ತೇನೆ. ಹಾಕಿಕೊಳ್ಳುತ್ತೇನೆ.

ಆಯೋಲಾ


ಹಾರ್ಮನ್ಸ್ ಬೆಂಡ್
ಏಪ್ರಿಲ್ 25, 1988

ಬ್ರದರ್ ಲೆಮ್ ಅವರಿಗೆ,

ನೀವು ಕಾಯುತ್ತಿರುತ್ತೀರಿ ಎಂದು ಗೊತ್ತು, ಅದಕ್ಕೆ ಊಟದ ಪಾತ್ರೆ ತೊಳೆದು ಒರೆಸಿ ಮುಗಿದ ಮರುದಿನವೇ ಬರೆಯುತ್ತಿದ್ದೇನೆ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಲಂಗರು ಹಾಕಿದೆ. ಮೊದಲ ಒಂದು ಗಂಟೆ ಏನೂ ಇಲ್ಲ. ಈ ವರ್ಷವೂ ಬೋಳೇ ಎಂದುಕೊಂಡೆ. ಆಮೇಲೆ ನೀವು ಬರೆದದ್ದು ನೆನಪಾಗಿ ಕೊಕ್ಕೆಯನ್ನು ಒಂದು ಗೇಣು ಮೇಲೆತ್ತಿದೆ. ಎತ್ತಿ ಉಸಿರು ಬಿಡುವಷ್ಟರಲ್ಲಿ ಕೋಲಿನ ತುದಿ ಮೆಲ್ಲಗೆ ಬಾಗಿತು. ಜಗ್ಗಲಿಲ್ಲ. ಹೊದಿಕೆ ಎತ್ತುವ ಹಾಗೆ ಎತ್ತಿದೆ. ಬೆಳ್ಳಿಯ ಮೈ, ಕಪ್ಪು ಚುಕ್ಕೆ, ಎರಡು ಅಂಗೈ ಉದ್ದ. ದೋಣಿಯಲ್ಲಿ ಒಬ್ಬಳೇ ಕೂತು ಜೋರಾಗಿ ನಕ್ಕೆ. ಹನ್ನೊಂದಕ್ಕೆ ಮೂವತ್ತು ಮುಗಿದು ಮನೆಗೆ ಬಂದೆ.

ಶನಿವಾರ ಗಾಳಿ ಎದ್ದಿತು. ದೋಣಿ ನಿಲ್ಲದು, ಕೂದಲಿನಂಥ ದಾರ ಗಾಳಿಗೆ ಬಿಲ್ಲಾಗುತ್ತದೆ, ಕಚ್ಚಿದ್ದು ಗೊತ್ತಾಗುವುದಿಲ್ಲ. ಮಧ್ಯಾಹ್ನಕ್ಕೆ ಹನ್ನೆರಡು. ಬೇರೆ ದೋಣಿಯವರೆಲ್ಲ ಹೊರಟುಹೋದರು. ನಾನು ಎರಡನೆಯ ಲಂಗರು ಹಾಕಿ ಕೂತೆ. ಬೆರಳಿಗೆ ದಾರ ಸುತ್ತಿಕೊಂಡು, ಕಣ್ಣು ಮುಚ್ಚಿ, ಬೆರಳಿನಲ್ಲೇ ಕೇಳಿಸಿಕೊಂಡೆ. ನಾಲ್ಕಕ್ಕೆ ಇಪ್ಪತ್ತು. ಸೂರ್ಯ ಪಶ್ಚಿಮದ ದಿಣ್ಣೆ ಮುಟ್ಟುವಾಗ ಇಪ್ಪತ್ತೊಂಬತ್ತು. ಕೊನೆಯದು ಎಲ್ಲಕ್ಕಿಂತ ದೊಡ್ಡದು, ದೋಣಿಯ ಅಂಚಿನವರೆಗೆ ಬಂತು. ಅರವತ್ತಾಯಿತು ಎಂಬ ಖುಷಿಗೆ ಜಗ್ಗಿಬಿಟ್ಟೆ. ಬಾಯಿ ಹರಿಯಿತು. ಕತ್ತಲಾಗುವವರೆಗೆ ಕೂತರೂ ಇನ್ನೊಂದು ಬರಲಿಲ್ಲ.

ಭಾನುವಾರ ಜೋಳದ ಹಿಟ್ಟು ಹಚ್ಚಿ ನಾನೇ ಹುರಿದೆ. ಪರ್ವಿಸ್ ಬಾಣಲೆ ಪಕ್ಕ ನಿಂತು ಒಂದೊಂದಾಗಿ ಎಣಿಸಿದರು. ಎಣಿಸಿ, ನನ್ನ ಕಿವಿಯ ಹತ್ತಿರ ಬಂದು, "ಐವತ್ತೊಂಬತ್ತೇ ಇದಾವಲ್ಲ ಸಿಸ್ಟರ್. ಒಂದ್ ಕ್ಯಾಟ್‌ಫಿಶ್ ಸೇರಿಸ್ಬಿಡ್ತೀನಿ, ಯಾರ್ಗೂ ಗೊತ್ತಾಗಲ್ಲ" ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಅದೂ ಅರ್ಥವಾಯಿತು. "ನಿಮ್ ಕ್ಯಾಟ್‌ಫಿಶ್ ನೀವೇ ಇಟ್ಕೊಳ್ಳಿ" ಎಂದೆ.

ಎಲ್ಲರೂ ಕೂತ ಮೇಲೆ ಪಾದ್ರಿಗಳು ಎದ್ದು ಕೈ ಜೋಡಿಸಿ, "ದೇವ್ರೇ, ನಮ್ ಬ್ರದರ್ ಹೋಸಿಯಾನ ಅರವತ್ತು ಮೀನು ಮತ್ತೆ ನಮ್ ಮೇಜಿಗೆ ಬಂದಿದೆ" ಎಂದು ಶುರುಮಾಡಿದರು. ಹೋದ ವರ್ಷ ನಾನು ಅತ್ತದ್ದು ಆ ಒಂದು ಮಾತಿಗೆ. ಅದು ಬಂದೇಬಂತು. ಜನ "ಆಮೆನ್" ಎಂದರು. ನಾನು ಹಿಟ್ಟಿನ ಕೈಯಲ್ಲೇ ಎದ್ದು ನಿಂತೆ.

"ಐವತ್ತೊಂಬತ್ತು, ಪಾಸ್ಟರ್. ಹೋಸಿಯಾ ಇಪ್ಪತ್ತೊಂದ್ ವರ್ಷ ಅರವತ್ ತಂದ, ಅದಕ್ಕೆ ದೇವ್ರಿಗೆ ಸ್ತೋತ್ರ. ಅವು ಮುಗಿದ್ವು. ಇವು ಐವತ್ತೊಂಬತ್ತು. ಇವು ನನ್ ಮೀನು" ಎಂದೆ.

ಮೊದಲು ವಿಲ್ಮಾ ಚಪ್ಪಾಳೆ ತಟ್ಟಿದಳು. ಆಮೇಲೆ ಪರ್ವಿಸ್. ಪಾದ್ರಿಗಳು ಕಣ್ಣು ಮುಚ್ಚಿ ಪ್ರಾರ್ಥನೆಯನ್ನು ಮೊದಲಿನಿಂದ ಮಾಡಿದರು, ಈ ಸಲ ನನ್ನ ಹೆಸರು ಹೇಳಿ.

ಇಪ್ಪತ್ತೊಂದರಲ್ಲಿ ಆರು ವರ್ಷ ಯಾರದೆಂದು ನಾನು ಹೇಳಲಿಲ್ಲ. ಹೇಳುವುದು ನ್ಯಾಯ ಎಂದು ಶನಿವಾರ ರಾತ್ರಿಯೆಲ್ಲ ಅಂದುಕೊಂಡಿದ್ದೆ. ಎದ್ದು ನಿಂತಾಗ ಬೇಡವೆನಿಸಿತು. ನೀವು ಆ ಮೀನುಗಳನ್ನು ಅವನಿಗೆ ಕೊಟ್ಟಿರಿ, ಕೊಟ್ಟದ್ದು ಅವನ ಹತ್ತಿರವೇ ಇರಲಿ. ಈ ಐವತ್ತೊಂಬತ್ತನ್ನು ಮಾತ್ರ ನಾನು ಯಾರಿಗೂ ಕೊಡುವುದಿಲ್ಲ, ಲೆಮ್. ಅವನಿಗೂ ಇಲ್ಲ.

ಆಯೋಲಾ